ಬೆಳ್ಳಿ ಬಟ್ಟೆ

ಸೋಮವಾರ ಹೊದಿಸಿದ್ದು. ಇಂದು ಗುರುವಾರ.
ಬಿಚ್ಚಿ ನೋಡೋಣ ಅನ್ನುತ್ತಾಳೆ ಅಜ್ಜಿ ಚೆರೆನ್‌ಖಂಡ್,
ಬೆಳಿಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ,
ಕತ್ತಲಾದ ಮೇಲೆ ನನ್ನ ತೋಳು ಹಿಡಿದು ಮತ್ತೊಮ್ಮೆ.
ಬರುವ ಸೋಮವಾರದ ತನಕ ಬೇಡಮ್ಮ, ಅನ್ನುತ್ತೇನೆ.

ಕಿಟಕಿಯಾಚೆ ಉಲಾನ್‌ಬಾತರ್
ಕಲ್ಲಿದ್ದಲ ಹೊಗೆಯನ್ನು ಮುಖದ ತನಕ ಎಳೆದುಕೊಂಡು ಮಲಗಿದೆ.
ಸೊನ್ನೆಗಿಂತ ಮೂವತ್ತು ಕೆಳಗೆ.
ಇಂಥ ಚಳಿಯಲ್ಲೇ ನಮ್ಮ ವಾರ್ಡು ತುಂಬುವುದು:
ಹೊರಗೆ ಹೆಪ್ಪುಗಟ್ಟಿದಷ್ಟೂ ಒಳಗೆ
ಏನಾದರೊಂದು ಕುದಿಯುತ್ತಲೇ ಇರಬೇಕು.

ಉಣ್ಣೆಯ ದುಂಡು ಡೇರೆ. ಮನೆಗೆ ಮೂಲೆಯಿಲ್ಲ,
ಅಡುಗೆಗೆ ಬೇರೆ ಕೋಣೆಯಿಲ್ಲ.
ನೆಲದ ಮೇಲೆ ಕರೆಂಟಿನ ಪಾತ್ರೆ,
ಪಾತ್ರೆ ತುಂಬ ಉಪ್ಪು ಹಾಕಿದ ಹಾಲು ಚಹಾ.
ಹಿಟ್ಟು ನಾದಲು ಅಜ್ಜಿ ಆಚೆ ತಿರುಗಿದಳು, ಅಷ್ಟೆ.
ಎರಡು ವರ್ಷದ ಖುಸ್ಲೇನ್ ಆ ವಾರವಷ್ಟೇ
ಕಲಿತಿದ್ದ, ಹಿಂದಕ್ಕೆ ನಡೆಯುವುದನ್ನು.

ಮಿಕ್ಕದ್ದನ್ನು ಅವಳು ಯಾರಿಗೂ ಪೂರ್ತಿ ಹೇಳಿಲ್ಲ.
ಟೂತ್‌ಪೇಸ್ಟ್ ಸವರಿದ್ದೆ, ಅಂದಳು. ತೊಳೆದೆ.
ಬೈಯಲಿಲ್ಲ. ಬೈಯುವವಳು
ಅವಳೊಳಗೇ ಒಬ್ಬಳು ಕೂತಿದ್ದಾಳೆ, ನಿದ್ದೆಯಿಲ್ಲದೆ.

ಹದಿನೇಳು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದಾಗ
ಬಿಳಿ ಮುಲಾಮು, ಡಬ್ಬಿಗಟ್ಟಲೆ.
ದಿನಾ ಬಿಚ್ಚು, ದಿನಾ ಕೆರೆ, ದಿನಾ ಬಳಿ.
ಒಣಗಿದ ಪಟ್ಟಿ ಎಳೆದರೆ ನಿನ್ನೆ ಹುಟ್ಟಿದ ಚರ್ಮವೂ
ಅದರ ಹಲ್ಲಿಗೆ ಸಿಕ್ಕಿ ಬರುತ್ತಿತ್ತು.
ಟ್ರಾಲಿಯ ಗಾಲಿ ಕಿರುಗುಟ್ಟಿದರೆ ಸಾಕು,
ಹನ್ನೆರಡು ಹಾಸಿಗೆ ಒಟ್ಟಿಗೆ ಅಳುತ್ತಿದ್ದವು.
ಗಾಲಿಗೆ ಎಣ್ಣೆ ಬಿಟ್ಟೆ.
ಆಮೇಲೆ ನನ್ನ ಚಪ್ಪಲಿಯ ಸದ್ದಿಗೆ ಅಳತೊಡಗಿದರು.

ಈಗ ಈ ಬಟ್ಟೆ.
ಬೂದಿ ಬಣ್ಣ, ಮೀನಿನ ಹೊಟ್ಟೆಯಷ್ಟು ಹೊಳಪು.
ಉಪ್ಪುನೀರು ತಾಗಬಾರದು, ಶುದ್ಧ ನೀರಲ್ಲೇ ನೆನೆಯಬೇಕು.
ಗಾಯದ ಅಂಚಿಗಿಂತ ಬೆರಳಗಲ ಹೆಚ್ಚು ಕತ್ತರಿಸಬೇಕು.
ಒಣಗಿದರೆ ಕಚ್ಚುತ್ತದೆ,
ತೊಪ್ಪೆಯಾದರೆ ಸುತ್ತಲ ಚರ್ಮ ಬಿಳಿಚಿ ನವೆಯುತ್ತದೆ.
ನಡುವಿನದೊಂದು ಒದ್ದೆ ಇದೆ, ಅದು ಪುಸ್ತಕದಲ್ಲಿಲ್ಲ,
ಕೈಗೆ ಗೊತ್ತು.
ಬೆಳ್ಳಿ ಕಣಕಣವಾಗಿ ಕರಗಿ
ಕಣ್ಣಿಗೆ ಕಾಣದ್ದನ್ನು ಕೊಲ್ಲುತ್ತದಂತೆ.
ಅಂತೆ ಅಂದೆ. ಕೊಂದದ್ದನ್ನು ನಾನೂ ನೋಡಿಲ್ಲ.
ಕೀವು ಬಾರದ ಬೆಳಗುಗಳನ್ನು ನೋಡಿದ್ದೇನೆ.

ಬೆಳ್ಳಿ ಅಂದೊಡನೆ ಅಜ್ಜಿ ಕಣ್ಣರಳಿಸಿದಳು.
ಅವಳ ಗಂಡನದೊಂದು ಬೆಳ್ಳಿ ಬಟ್ಟಲಿತ್ತು,
ಬಂದವರಿಗೆಲ್ಲ ಹಾಲು ಅದರಲ್ಲೇ.
ವಿಷವಿದ್ದರೆ ಕಪ್ಪಾಗುತ್ತದೆ, ಗೊತ್ತಾ ದುಲಮ್‌ಸುರೇನ್?
ಬಟ್ಟಲು ಈಗ ಎಲ್ಲಿ, ಅಂದೆ.
ಹೋದ ಚಳಿಗಾಲ ತಿಂದಿತು, ಅಂದಳು.

ರಾತ್ರಿ ಎರಡು ಗಂಟೆಗೆ ಕಂಡೆ:
ಮಗುವಿನ ತೊಡೆಯ ಹತ್ತಿರ ಬಾಗಿ
ಪಟ್ಟಿಯ ಅಂಚಿನಲ್ಲಿ ಅವಳ ಉಗುರು.
ಕೈ ಹಿಡಿದೆ. ನಡುಗುತ್ತಿತ್ತು.
ಒಂದೇ ಒಂದು ಸಲ ನೋಡುತ್ತೇನೆ,
ನಾನು ನೋಡದೆ ಹೋದದ್ದಕ್ಕೇ ಅಲ್ಲವೇ ಹೀಗಾದದ್ದು?
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಇದನ್ನು ಮಾತ್ರ ಹೇಳಿದೆ:
ಈಗ ನೋಡಿಕೊಳ್ಳುವುದೆಂದರೆ ನೋಡದೆ ಇರುವುದು, ಅಮ್ಮ.
ಕುರ್ಚಿ ಎಳೆದು ಅವಳ ಪಕ್ಕ ಕೂತೆ.
ಇಬ್ಬರೂ ಗೋಡೆ ನೋಡಿದೆವು.

ಸೋಮವಾರ ನೀರು ಚಿಮುಕಿಸಿ ಅಂಚೆತ್ತಿದೆ.
ಬಟ್ಟೆ ಸದ್ದಿಲ್ಲದೆ ಬಂತು, ಬಿಡಿಸಿದ ಕಿತ್ತಳೆಯ ತೊಳೆಯಂತೆ.
ಖುಸ್ಲೇನ್ ಒಮ್ಮೆ ಮೂಗೆಳೆದ,
ನನ್ನ ಗುರುತಿನ ಚೀಟಿ ಬಾಯಿಗೆ ಹಾಕಿಕೊಂಡ.
ಚರ್ಮದ ಮೇಲೆ ಅಲ್ಲಲ್ಲಿ ಕಪ್ಪು ಛಾಯೆ.
ನೋಡು, ಅಂದಳು ಅಜ್ಜಿ, ವಿಷವೆಲ್ಲ ಮೇಲೆ ಬಂದಿದೆ.
ಅದು ಬೆಳ್ಳಿಯ ಕಲೆ, ತೊಳೆದರೆ ಹೋಗುತ್ತದೆ
ಅನ್ನಲು ಬಾಯಿ ತೆರೆದವಳು
ತೊಳೆದೆ.
ಕೆಳಗೆ ಎಳೆಗೆಂಪು, ಹೊಸದು, ಇನ್ನೂ ಯಾರದೂ ಅಲ್ಲದ್ದು.

ಬೆನ್ನಿನ ಕೆಳಗೆ ಅಂಗೈಯಗಲ ಮಾತ್ರ ಹಸಿ ಉಳಿದಿದೆ.
ಅದಕ್ಕೆ ಕಸಿ ಬೇಕಾಗಬಹುದು, ಅಂದರು ಡಾಕ್ಟರು.
ಇನ್ನೊಂದು ತುಂಡು ನೆನೆಸಿದೆ, ಹಿಂಡಿದೆ, ಹೊದಿಸಿದೆ.
ಹಳೆಯದನ್ನು ಮನೆಗೆ ಒಯ್ಯಲೇ ಅಂತ ಕೇಳಿದಳು.
ಕೊಡುವ ಹಾಗಿಲ್ಲ. ಹಳದಿ ಚೀಲಕ್ಕೆ ಹಾಕಿದೆ.

ಮತ್ತೆ ಗುರುವಾರ.
ಅಜ್ಜಿ ಬಿಚ್ಚು ಅನ್ನಲಿಲ್ಲ,
ಮೊಮ್ಮಗನ ಕಾಲ್ಚೀಲಕ್ಕೆ ತೇಪೆ ಹಾಕುತ್ತಾ ಕೂತಿದ್ದಳು.
ಎರಡು ಸಲ ಆ ಹಾಸಿಗೆ ದಾಟಿ ಹೋದೆ.
ನನಗೇ ಬಿಚ್ಚಿ ನೋಡಬೇಕು ಅನ್ನಿಸಿತು.